ಹೊಸ್ತಿಲಾಚೆಯ ಅರವತ್ತೊಂದು ಟೈಲ್ಸ್

ಮಾನ್ಯ ಗೃಹಸಾಲ ವಿಭಾಗದ ಮುಖ್ಯಸ್ಥರೇ,

ನನ್ನ ಮನೆಸಾಲದ ಅವಧಿಗೆ ನೀವು ಅರವತ್ತೊಂದು ತಿಂಗಳು ಸೇರಿಸಿದ್ದೀರಿ. ನನ್ನನ್ನು ಕೇಳಲಿಲ್ಲ, ನನ್ನ ಗಂಡನನ್ನೂ ಕೇಳಲಿಲ್ಲ. ಸೇರಿಸಿ ಮೂರು ವರ್ಷವಾದ ಮೇಲೆ, ಅದೂ ನಾನಾಗಿಯೇ ಹೆಚ್ಚುವರಿ ಹಣ ಕಟ್ಟಲು ನಿಮ್ಮ ಕೌಂಟರಿಗೆ ಬಂದ ದಿನ, ನಮಗೆ ಗೊತ್ತಾಯಿತು. ಇದನ್ನು ಮೂರು ಸಲ ನಿಮಗೆ ಖಾಸಗಿಯಾಗಿ ಬರೆದೆ. ಮೂರು ಸಲವೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂತು. ಕೊನೆಯ ಸಲವಂತೂ ನಾನು ಫೋನಿನಿಂದ ಬೆರಳು ತೆಗೆಯುವ ಮೊದಲೇ ಬಂತು. ಅಮೂಲ್ಯವಾದದ್ದನ್ನು ಇಷ್ಟು ಬೇಗ ಓದಿ ಮುಗಿಸುವವರು ನೀವೊಬ್ಬರೇ ಇರಬೇಕು. ಹಾಗಾಗಿ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡಿದ್ದೇನೆ, ಬೀದಿಯವರಿಗೆಲ್ಲ ಟೈಲರಮ್ಮ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ನಿಮ್ಮ ಕಚೇರಿಯ ಏಳನೇ ಮಹಡಿಗೆ ನೀವು ಬೆವರದೆ ತಲುಪುತ್ತೀರಲ್ಲ, ಅಂಥ ಲಿಫ್ಟುಗಳ ತಳದ ಗುಂಡಿಗೆ ಇಳಿದು, ಗ್ರೀಸಿನಲ್ಲಿ ಮಿಂದು, ಮೇಲೆ ಬರುವವರು. ಅವರಿಗೆ ಈಗ ಐವತ್ತೊಂದು. ಮೊಣಕಾಲಿಗೆ ಮಾತ್ರ ಎಪ್ಪತ್ತು ದಾಟಿದೆ ಎಂದು ಅವರೇ ತಮಾಷೆ ಮಾಡುತ್ತಾರೆ. ಜೊತೆಗೆ ಅತ್ತೆ ಇದ್ದಾರೆ, ಹನ್ನೆರಡು ವರ್ಷದ ಮಗಳಿದ್ದಾಳೆ. ಅತ್ತೆ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಂಟೆ ಹೊಡೆದು ನಿವೃತ್ತರಾದವರು. ಒಂದು ನಿಮಿಷ ಆಚೀಚೆ ಆದರೂ ಅವರು ಈಗಲೂ ಸಹಿಸುವುದಿಲ್ಲ. ಅಂಥವರ ಮನೆಗೆ ನೀವು ಐದು ವರ್ಷದ ಮೇಲೊಂದು ತಿಂಗಳು ಆಚೀಚೆ ಮಾಡಿದ್ದೀರಿ.

ಸಾಲ ತೆಗೆದುಕೊಂಡಾಗ ನಮಗೆ ಕೊಟ್ಟ ಅವಧಿ ಇನ್ನೂರ ನಲವತ್ತು ತಿಂಗಳು. ಮನೆಗೆ ಬಂದ ಮೊದಲ ದಿನ ಮಂಚ ಇನ್ನೂ ಬಂದಿರಲಿಲ್ಲ. ನೆಲದ ಮೇಲೆ ಒರಗಿದ್ದ ನನ್ನ ಗಂಡ ಸುಮ್ಮನೆ ಟೈಲ್ಸ್ ಎಣಿಸುತ್ತಾ ಹೋದರು. ಈಗ ಮೆಷಿನ್ ಇರುವ ಮುಂದಿನ ಕೋಣೆಯೇ ನಮ್ಮ ಹಾಲ್, ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಅಡಿಗೊಂದು ಟೈಲ್. ಒಟ್ಟು ಇನ್ನೂರ ನಲವತ್ತು. ಒಂದು ಅಡ್ಡಸಾಲು ಅಂದರೆ ಸರಿಯಾಗಿ ಒಂದು ವರ್ಷ. ಅವತ್ತೇ ತೀರ್ಮಾನವಾಯಿತು: ಹಿಂದಿನ ಕಿಟಕಿಯ ಕಡೆಯಿಂದ ಶುರುಮಾಡಿ, ಪ್ರತಿ ತಿಂಗಳು ಕಂತು ಕಟ್ಟಿದ ಕೂಡಲೇ ಒಂದು ಟೈಲಿನ ಮೂಲೆಗೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ. ಚುಕ್ಕೆ ಬಿದ್ದದ್ದು ನಮ್ಮದು, ಬೀಳದ್ದು ನಿಮ್ಮದು. ಕೊನೆಯ ಚುಕ್ಕೆ ಮುಂಬಾಗಿಲ ಹೊಸ್ತಿಲ ಪಕ್ಕದ ಟೈಲಿಗೆ. ಅಷ್ಟು ಹೊತ್ತಿಗೆ ನನ್ನ ಗಂಡನಿಗೆ ಅರವತ್ತು ತುಂಬುತ್ತದೆ. ಅರವತ್ತಕ್ಕೆ ಕಂಪನಿ ಅವರನ್ನು ಮನೆಗೆ ಕಳಿಸುತ್ತದೆ. ಮನೆಯೇ ಪೂರ್ತಿ ನಮ್ಮದಾದ ಮೇಲೆ ಮನೆಗೆ ಕಳಿಸಿದರೆ ಏನು ಬೇಜಾರು, ಅಲ್ಲವೇ? ನಮ್ಮ ಇಡೀ ಬದುಕಿನ ಲೆಕ್ಕಾಚಾರ ಅಷ್ಟೇ ಆಗಿತ್ತು.

ಚುಕ್ಕೆ ಇಡುವ ಕೆಲಸ ಮಗಳು ಬುದ್ಧಿ ಬಂದಾಗಿನಿಂದ ತನ್ನದು ಮಾಡಿಕೊಂಡಿದ್ದಾಳೆ. ನಾನು ಗದರಿದರೆ ಓಡಿಹೋಗಿ ಚುಕ್ಕೆ ಇರುವ ಟೈಲಿನ ಮೇಲೆ ನಿಂತು, “ಇದು ನಮ್ಮದು, ಇಲ್ಲಿಂದ ಯಾರೂ ಎಬ್ಬಿಸೋ ಹಾಗಿಲ್ಲ” ಅನ್ನುತ್ತಾಳೆ. ಈಗ ಹನ್ನೊಂದು ಸಾಲು ಮುಗಿದಿವೆ. ನೂರ ಮೂವತ್ತೆರಡು ಚುಕ್ಕೆ. ಒಂದೇ ಒಂದು ಚುಕ್ಕೆಯೂ ತಡವಾಗಿ ಬಿದ್ದಿಲ್ಲ. ಗಂಡ ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದ್ದಾಗಲೂ ಬಿದ್ದಿದೆ. ನಿಮ್ಮ ದಾಖಲೆ ತೆಗೆದು ನೋಡಿಕೊಳ್ಳಿ.

ಹೋದ ವರ್ಷ ನೀವು ಗ್ರಾಹಕರಿಗೆಲ್ಲ ‘ಜಾಣ ಉಳಿತಾಯ’ ಎಂಬ ಹೊಳೆಯುವ ಕಾಗದದ ಪುಸ್ತಿಕೆ ಹಂಚಿದಿರಿ. ಮಗಳು ಅದನ್ನು ಅತ್ತೆಗೆ ಜೋರಾಗಿ ಓದಿ ಹೇಳಿದಳು. ಅಂಗಡಿಗೆ ಹೋಗುವ ಮುನ್ನ ಪಟ್ಟಿ ಮಾಡಿಕೊಳ್ಳಿ. ಬೇಡದ ದೀಪ ಆರಿಸಿ. ಹೊರಗಿನ ಕಾಫಿ ಬಿಡಿ. ಸೋಪನ್ನು ದಾರದಲ್ಲಿ ಎರಡು ಹೋಳು ಮಾಡಿ ಒಂದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಅತ್ತೆ, ಎಲ್ಲ ಕೇಳಿಸಿಕೊಂಡು, ಇದನ್ನು ಬರೆದವರಿಗೆ ಸಂಬಳ ಎಷ್ಟು ಕೊಡ್ತಾರಂತೆ ಎಂದು ಮಾತ್ರ ಕೇಳಿದರು. ಸ್ವಾಮಿ, ನಮಗೆ ಪಾಠ ಬೇಕಿರಲಿಲ್ಲ. ಮಗಳ ಸ್ಕರ್ಟು ಹೊಲಿಯುವಾಗಲೇ ನಾನು ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿ ಬಿಟ್ಟಿರುತ್ತೇನೆ. ಅವಳು ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತೇನೆ. ಮೂರು ವರ್ಷ ಒಂದೇ ಸ್ಕರ್ಟು. ಮಡಿಕೆಯ ಗೆರೆ ಕಾಣುತ್ತದೆಂದು ಗೆಳತಿಯರು ನಕ್ಕರಂತೆ. ಅವಳು ಅತ್ತು ಬಂದಳು, ಗೆರೆಯ ಮೇಲೆ ನೀಲಿ ಪಟ್ಟಿ ಹೊಲಿದು ಕೊಟ್ಟೆ. ನನ್ನ ಗಂಡ ಎರಡು ಸ್ಟಾಪ್ ಮೊದಲೇ ಬಸ್ಸಿಳಿದು ನಡೆಯುತ್ತಾರೆ, ಆ ಮೊಣಕಾಲಿನಲ್ಲಿ. ಉಳಿತಾಯ ಎಂದರೆ ಏನೆಂದು ನೀವು ಯಾರಿಗೆ ಹೇಳಿಕೊಡುತ್ತಿದ್ದೀರಿ?

ಹೀಗೆಲ್ಲ ಹಿಂಡಿ, ಕಳೆದ ಮೂರು ವರ್ಷದಿಂದ ಪ್ರತಿ ತಿಂಗಳು ಕಂತಿನ ಏಳನೇ ಒಂದು ಪಾಲಿನಷ್ಟು ಹಣ ಬೇರೆ ಎತ್ತಿಟ್ಟೆವು. ಎಲ್ಲಿ? ನಿಮ್ಮಲ್ಲೇ, ಉಳಿತಾಯ ಖಾತೆಯಲ್ಲಿ. ಸುಮಾರು ಐದು ಕಂತಿನಷ್ಟಾದಾಗ, ಒಟ್ಟಿಗೆ ಸಾಲಕ್ಕೆ ಕಟ್ಟಿ ಐದು ಚುಕ್ಕೆ ಒಂದೇ ದಿನ ಇಡೋಣ ಎಂದು ಮಗಳಿಗೆ ಮಾತು ಕೊಟ್ಟು ನಾನು ನಿಮ್ಮ ಶಾಖೆಗೆ ಬಂದೆ. ಸಾಲದ ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯವಳು. ಕಂಪ್ಯೂಟರ್ ನೋಡಿ, ಇನ್ನೂ ನೂರ ಅರವತ್ತೊಂಬತ್ತು ತಿಂಗಳು ಇದೆ ಮೇಡಂ ಅಂದಳು. ನೂರ ಎಂಟು ಇರಬೇಕು, ಇನ್ನೊಮ್ಮೆ ನೋಡಮ್ಮ ಅಂದೆ. ಅವಳು ಪರದೆಯನ್ನೇ ನನ್ನ ಕಡೆ ತಿರುಗಿಸಿದಳು. ಮೂರು ವರ್ಷದ ಹಿಂದೆ ಬಡ್ಡಿ ಏರಿದೆ. ಕಂತು ಹಾಗೇ ಬಿಟ್ಟು ಅವಧಿ ಬೆಳೆಸಿದ್ದೀರಿ.

“ಕಂತು ಜಾಸ್ತಿ ಮಾಡಿಲ್ವಲ್ಲ ಮೇಡಂ,” ಅಂದಳು. “ನಿಮ್ಮ ಅನುಕೂಲಕ್ಕೇ ಮಾಡಿರೋದು.”

ಯಾರ ಅನುಕೂಲ? ಅವತ್ತೇ ಅವಧಿ ಬೆಳೆಸದೆ ಇಟ್ಟಿದ್ದರೆ ಕಂತು ಎಷ್ಟು ಏರಬೇಕಿತ್ತು ಎಂದು ಕೇಳಿದೆ. ಅವಳು ಲೆಕ್ಕ ಹಾಕಿ ಹೇಳಿದಳು: ಏಳನೇ ಒಂದು ಪಾಲಿಗಿಂತ ಕೂದಲೆಳೆಯಷ್ಟು ಹೆಚ್ಚು. ನಾನು ಕುರ್ಚಿ ಎಳೆದು ಕೂತು ಮತ್ತೆ ಲೆಕ್ಕ ಹಾಕಿದೆ. ನಾವು ಪ್ರತಿ ತಿಂಗಳು ಎತ್ತಿಡುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೇ! ನಿಮಗೆ ಬೇಕಾಗಿದ್ದ ಹಣ ನಿಮ್ಮದೇ ಪಕ್ಕದ ಕೌಂಟರಿನಲ್ಲಿ ಕೂತಿತ್ತು. ಅದಕ್ಕೆ ನೀವು ನಮಗೆ ಕೊಟ್ಟ ಬಡ್ಡಿ ನೂರಕ್ಕೆ ನಾಲ್ಕು. ಈ ಕಡೆ ನಮ್ಮಿಂದ ಕಿತ್ತದ್ದು ನೂರಕ್ಕೆ ಹನ್ನೊಂದೂವರೆ. ಎರಡು ಕೌಂಟರಿನ ನಡುವೆ ಒಂದು ಗಾಜಿನ ತಡಿಕೆ ಅಷ್ಟೇ ಇದೆ. ಒಂದು ಮಾತು ಕೇಳಲು ನಿಮಗೆ ಬಾಯಿರಲಿಲ್ಲವೇ? ಈಗ ಹಳೆಯ ಅವಧಿಗೇ ಮುಗಿಸಬೇಕಾದರೆ ಕಂತು ಕಾಲು ಪಾಲು ಏರಿಸಬೇಕಂತೆ. ಮೂರು ವರ್ಷದ ನಿಮ್ಮ ಮೌನದ ಬೆಲೆ ಅದು.

ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. ನೀವು ಸಂದೇಶ ಕಳಿಸಿದ್ದಿರಿ. ‘ಹೊಸ ಕಾರು ಕೊಳ್ಳುವ ಕನಸೇ’ ಮತ್ತು ‘ಚಿನ್ನದ ಮೇಲೆ ಸಾಲ ಬೇಕೇ’ ಎಂಬ ಎರಡು ಸಂದೇಶಗಳ ನಡುವೆ, ಅರ್ಥವಾಗದ ನಾಲ್ಕು ಸಂಕ್ಷಿಪ್ತಾಕ್ಷರಗಳ ಒಂದು ಸಾಲು. ವರ್ಷಕ್ಕೊಮ್ಮೆ ಬರುವ ಲೆಕ್ಕದ ಹಾಳೆಯನ್ನೂ ನಾವು ಬಿಚ್ಚದೆ ಮೆಷಿನ್ನಿನ ಡ್ರಾಯರಿಗೆ ಹಾಕಿದ್ದೆವು. ನೆಲದ ಮೇಲೆ ಕಣ್ಣಿಗೆ ಕಾಣುವ ಲೆಕ್ಕ ಇರುವಾಗ ಕಾಗದದ ಲೆಕ್ಕ ಯಾಕೆ ಅಂದುಕೊಂಡೆವು. ನೀವೂ ನಮ್ಮ ಹಾಗೆ ಕೊಟ್ಟ ಮಾತನ್ನು ಎಣಿಸುತ್ತೀರಿ ಎಂದು ನಂಬಿದೆವು ನೋಡಿ, ಆ ದಡ್ಡತನ ನಮ್ಮದೇ. ಆದರೆ ದಡ್ಡತನಕ್ಕೆ ಐದು ವರ್ಷ ಶಿಕ್ಷೆ ಎಂದು ಯಾವ ಕಾನೂನಿನಲ್ಲಿದೆ?

ನನ್ನ ಕಸುಬಿನ ಮಾತಿನಲ್ಲೇ ಕೇಳುತ್ತೇನೆ. ನೀವು ನನ್ನ ಹತ್ತಿರ ಪ್ಯಾಂಟು ಹೊಲಿಸಲು ಬರುತ್ತೀರಿ, ನಲವತ್ತು ಇಂಚು ಉದ್ದ ಎಂದು ಅಳತೆ ಕೊಡುತ್ತೀರಿ. ನಾನು ಐವತ್ತು ಇಂಚಿಗೆ ಹೊಲಿದು, ಹತ್ತಿಂಚಿನ ಬಟ್ಟೆಯ ದುಡ್ಡೂ ನಿಮ್ಮಿಂದಲೇ ವಸೂಲು ಮಾಡಿ, ‘ಸೊಂಟ ಬಿಗಿ ಮಾಡಿಲ್ಲವಲ್ಲ ಸಾರ್, ನಿಮ್ಮ ಅನುಕೂಲಕ್ಕೇ’ ಅಂದರೆ ಬಿಡುತ್ತೀರಾ? ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ಅರ್ಧ ಇಂಚು ಬದಲಿಸುವುದಿದ್ದರೂ ಗಿರಾಕಿಗೆ ಹೇಳಿ ಕಳಿಸುತ್ತೇನೆ. ನಾನೊಬ್ಬಳು ಮುಂದಿನ ಕೋಣೆಯ ಟೈಲರ್ ಪಾಲಿಸುವ ಮರ್ಯಾದೆ, ಏಳು ಮಹಡಿಯ ಕಚೇರಿಗೆ ಏಕೆ ಭಾರವಾಗಬೇಕು?

ಆ ಸಂಜೆ ಗಂಡನಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ನನ್ನ ಅಳತೆಯ ಟೇಪು ಕೇಳಿ ತೆಗೆದುಕೊಂಡರು. ಅರವತ್ತೊಂದು ಟೈಲ್ ಅಂದರೆ ಐದು ಸಾಲು, ಮೇಲೆ ಒಂದು. ಹಾಲ್ ಹೊಸ್ತಿಲಿಗೇ ಮುಗಿಯುತ್ತದೆ. ಅವರು ಹೊಸ್ತಿಲಿಂದ ಆಚೆಗೆ ಟೇಪು ಹಿಡಿದು, ಮೂರು ಮೆಟ್ಟಿಲು ಇಳಿದು, ಚರಂಡಿಯ ಮುಚ್ಚಳ ದಾಟಿ, ರಸ್ತೆಯ ಅಂಚಿನಲ್ಲಿ ನಿಂತರು. ಎದುರುಮನೆಯವರು ಏನು ಹುಡುಕ್ತಿದ್ದೀರಿ ಎಂದು ವಿಚಾರಿಸಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆ, “ಅದು ಊರವರು ಓಡಾಡೋ ಜಾಗ ಕಣೋ. ಅದಕ್ಕೆ ನಾವ್ಯಾಕೆ ದುಡ್ಡು ಕಟ್ಬೇಕು?” ಅಂದರು. ನಿಮ್ಮ ವಿಭಾಗದಲ್ಲಿ ಯಾರಾದರೂ ಈ ಪ್ರಶ್ನೆಗೆ ಉತ್ತರ ಕೊಡಬಲ್ಲರೇ? ನನ್ನ ಗಂಡ ಟೇಪು ಸುತ್ತುತ್ತಾ, ನನ್ನ ಮುಖ ನೋಡದೆ ಕೇಳಿದರು.

“ಅರವತ್ತೈದರಲ್ಲೂ ನಾನು ಗುಂಡಿಗೆ ಇಳೀತಾ ಇರ್ಬೇಕಾ?”

ಮುಖ್ಯಸ್ಥರೇ, ನೀವು ಬೆಳೆಸಿದ್ದು ಅವಧಿಯನ್ನಲ್ಲ, ಒಬ್ಬ ಮನುಷ್ಯನ ದುಡಿಮೆಯನ್ನು. ಕಂಪನಿ ಅರವತ್ತಕ್ಕೆ ಬೇಡ ಅಂದ ಮೇಲೂ ಅವರು ಯಾರದೋ ಗುತ್ತಿಗೆಯಲ್ಲಿ, ವಿಮೆಯಿಲ್ಲದೆ, ಆ ಕಾಲಿನಲ್ಲಿ ಇಳಿಯಬೇಕು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಅಳು ಹೋಯಿತು, ಸಿಟ್ಟು ಇದೆ.

ನಾನು ಸಾಲ ಮನ್ನಾ ಕೇಳುತ್ತಿಲ್ಲ, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಪಡೆದದ್ದನ್ನು ಬಡ್ಡಿಸಮೇತ ತೀರಿಸುವ ಮನೆ ಇದು. ನನ್ನ ಬೇಡಿಕೆ ಇಷ್ಟು: ಅವಧಿಯನ್ನು ಮೊದಲಿನ ಇನ್ನೂರ ನಲವತ್ತಕ್ಕೇ ತನ್ನಿ. ಮೂರು ವರ್ಷದ ಹಿಂದೆ ಕೇಳಿದ್ದರೆ ಕಂತು ಎಷ್ಟು ಏರುತ್ತಿತ್ತೋ ಅಷ್ಟನ್ನು ಮುಂದಿನ ತಿಂಗಳಿನಿಂದಲೇ ಏರಿಸಿ, ಕೊಡುತ್ತೇವೆ. ಎತ್ತಿಟ್ಟ ಐದು ಕಂತಿನ ಹಣವನ್ನು ಅಸಲಿಗೆ ಜಮಾ ಮಾಡಿಕೊಳ್ಳಿ. ಅದರ ಮೇಲೂ ಉಳಿಯುವ ವ್ಯತ್ಯಾಸ ನಿಮ್ಮ ಮೌನದಿಂದ ಹುಟ್ಟಿದ್ದು, ಅದನ್ನು ನೀವೇ ಹೊರಿ. ಇನ್ನು ಮುಂದೆ ಯಾರದೇ ಅವಧಿ ಬೆಳೆಸುವ ಮೊದಲು ಅವರನ್ನು ಕರೆಸಿ, ಎರಡು ದಾರಿಯನ್ನೂ ಅರ್ಥವಾಗುವ ಮಾತಿನಲ್ಲಿ ಹೇಳಿ, ಸಹಿ ತೆಗೆದುಕೊಳ್ಳಿ. ಆ ಕೌಂಟರಿನ ಹುಡುಗಿಯನ್ನೇ ಈ ಕೆಲಸಕ್ಕೆ ಹಾಕಿ. ನಾನು ಏಳುವಾಗ ಅವಳು ಮೆಲ್ಲಗೆ, “ಬರೆದು ಕೊಡಿ ಮೇಡಂ, ಬಾಯಲ್ಲಿ ಹೇಳಿದ್ದು ಮೇಲಿನ ಮಹಡಿಗೆ ಹತ್ತಲ್ಲ” ಅಂದಿದ್ದಳು. ಬರೆದು ಕೊಟ್ಟಿದ್ದೇನೆ.

ಮುಂದಿನ ಐದನೇ ತಾರೀಕಿಗೆ ಎಂದಿನಂತೆ ಕಂತು ಬರುತ್ತದೆ, ಮಗಳು ನೂರ ಮೂವತ್ತಮೂರನೇ ಚುಕ್ಕೆ ಇಡುತ್ತಾಳೆ. ಇನ್ನು ಒಂಬತ್ತು ವರ್ಷಕ್ಕೆ ಹೊಸ್ತಿಲ ಪಕ್ಕದ ಟೈಲಿಗೆ ಕೊನೆಯ ಚುಕ್ಕೆ ಬಿದ್ದ ಮರುದಿನ, ನಾವು ನಾಲ್ವರೂ ಮನೆಪತ್ರ ತೆಗೆದುಕೊಳ್ಳಲು ನಿಮ್ಮ ಏಳನೇ ಮಹಡಿಗೆ ಬರುತ್ತೇವೆ. ಲಿಫ್ಟ್ ಕೆಟ್ಟಿದ್ದರೆ ಮೆಟ್ಟಿಲು ಹತ್ತಿಯೇ ಬರುತ್ತೇವೆ. ಹೊಸ್ತಿಲ ಆಚೆಗೆ ಮಾತ್ರ ನಾವು ಒಂದು ಚುಕ್ಕೆಯನ್ನೂ ಇಡುವುದಿಲ್ಲ.

ಇಂತಿ,
ಚುಕ್ಕೆ ಇರುವ ಟೈಲಿನ ಮೇಲೆ ನಿಂತು ಬರೆದ,
ನಿಮ್ಮ ಪುಸ್ತಕದಲ್ಲಿ ನೂರ ಅರವತ್ತೊಂಬತ್ತು ಬಾಕಿ, ನಮ್ಮ ನೆಲದಲ್ಲಿ ನೂರ ಎಂಟು ಬಾಕಿ ಇರುವ
ಟೈಲರಮ್ಮ