ಅಮೆರಿಕಾ ಅರ್ಜಿಯಲ್ಲಿ ಜಲಜಮ್ಮ

೧೨-೧೨-೮೩, ಸೋಮವಾರ

ಜಲಜಮ್ಮನ ಹೆಸರು ಅಮೆರಿಕಾಕ್ಕೆ ಹೋಗುತ್ತಿದೆ. ನನ್ನದು ಇನ್ನೂ ನಮ್ಮೂರು ಸೂಳಗಿರಿ ದಾಟಿಲ್ಲ.

ಮೊಮ್ಮಗಳು ವನಜ ಅಲ್ಲಿಯ ಕಾಲೇಜಿಗೆ ಬರೆದ ಅರ್ಜಿಯನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಲೆಕ್ಕದ ಮೇಲೆ ಇವಳಿಗೆ ಆಸೆ ಹುಟ್ಟಿಸಿದ್ದು ಪಕ್ಕದ ಮನೆಯ ಟೀಚರ್ ಜಲಜಮ್ಮನಂತೆ! ಹುಣಸೆ ಬೀಜ ಹರಡಿಕೊಂಡು ಕೂಡುವುದು, ಕಳೆಯುವುದು ಕಲಿಸಿದವಳು ನಾನು. ಆ ಮಹಾತಾಯಿ ಈ ಬೀದಿಗೆ ಬಂದಾಗ ಇವಳು ಏಳನೇ ಕ್ಲಾಸು.

"ನಾನೇನ್ ಸತ್ತೋಗಿದ್ನೇನೇ?" ಅಂದೆ.

"ಓದಿದೋರ ಹೆಸ್ರು ಬರದ್ರೆ ಸೀಟು ಸಿಗ್ತದೆ ಕಣಜ್ಜಿ. ಹುಣಸೆ ಬೀಜ ಅಂದ್ರೆ ಅವ್ರಿಗೇನ್ ಗೊತ್ತಾಯ್ತದೆ?"

"ಹಂಗಾದ್ರೆ ನಾಳೆಯಿಂದ ಅವಳ ಮನೇಲೇ ಉಣ್ಣೋಗು."

ನಕ್ಕಳು, ಕತ್ತೆ. ಇವಳಿಗೆ ಸೀಟು ಸಿಗಲಿ ಎಂದು ನಾನೂ ದೀಪ ಹಚ್ಚಿದ್ದೇನೆ. ಆದರೆ ಅದು ಜಲಜಮ್ಮನಿಂದ ಸಿಕ್ಕಿತು ಅನ್ನಿಸಿಕೊಳ್ಳಬಾರದು.

ಆಮೇಲೆ ಲಕೋಟೆ ಅಂಟಿಸಲು ಗೋಂದಿಲ್ಲವೆಂದು ನನ್ನ ಹತ್ತಿರವೇ ಬಂದಳು. ನಾಲ್ಕು ಅಗುಳು ಅನ್ನ ಹಿಸುಕಿ, ಅಂಚಿನುದ್ದಕ್ಕೂ ಸವರಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದೆ. ಜಲಜಮ್ಮ ಒಳಗೇ ಕೂತಿರಲಿ. ಅಮೆರಿಕಾದವನು ಮೊದಲು ನನ್ನ ಅನ್ನ ಕಿತ್ತು, ಆಮೇಲೆ ಅವಳನ್ನು ನೋಡಬೇಕು.