ಕೇಳಿದ್ದು ಐವತ್ತು, ಬಂದದ್ದು ಮುನ್ನೂರು

ಕೂಟಗಲ್
6 ನವೆಂಬರ್ 2024, ಬುಧವಾರ

ಪ್ರೀತಿಯ ಸಿರಿಯ ಅಪ್ಪನವರಿಗೆ,

ಪ್ರತಿಮಾ ಮಾಡುವ ನಮಸ್ಕಾರ. ಹೇಗಿದ್ದೀರಿ? ಜಪಾನಿನಲ್ಲಿ ಆಗಲೇ ಚಳಿ ಹಿಡಿದಿದೆಯೆಂದು, ಅಲ್ಲಿ ನಿಮ್ಮ ಜೊತೆಗಿದ್ದು ಹೋದ ತಿಂಗಳು ವಾಪಸಾದ ಅನಂತರಾಜು ಹೇಳಿದರು. ಟ್ರೈನಿಂಗ್ ಅಂದರೆ ಕುರ್ಚಿಯಲ್ಲಿ ಕೂತು ಪಾಠ ಕೇಳುವುದೆಂದುಕೊಂಡಿದ್ದೆ, ಬಿಡದಿ ಫ್ಯಾಕ್ಟರಿಯ ಹಾಗೆ ಅಲ್ಲಿಯೂ ದಿನವಿಡೀ ನಿಂತೇ ಇರಬೇಕಂತೆ. ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿಯ ಮುಚ್ಚಳವನ್ನೇ ಇನ್ನೂ ತೆಗೆದಿಲ್ಲವೋ? ರಾಗಿಹಿಟ್ಟು ತೀರಿತೆಂದು ಕೇಳಿದ ದಿನ ಅತ್ತೆಗೆ ಅನ್ನ ಸೇರಲಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ದೀಪಾವಳಿಗೆ ಸಿರಿ ಸುರುಸುರುಬತ್ತಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟಲಿಲ್ಲ, ಆದರೆ ಊರಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಮಾವನವರ ರೇಷ್ಮೆ ಹುಳು ಮೂರನೇ ಜ್ವರ ಎದ್ದು, ಪೊರೆ ಕಳಚಿ ಸೊಪ್ಪು ಮೇಯುತ್ತಿವೆ, ಅವರಿಗೆ ಬೇರೆ ಯಾವುದರ ಮೇಲೂ ಗಮನವಿಲ್ಲ.

ಫೋನಿರುವಾಗ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನಗಬೇಡಿ. ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ "ನಂಗೊತ್ತು ಬುಡೆ, ನಾನ್ ನೋಡ್ಕತೀನಿ" ಅಂದುಬಿಡುತ್ತೀರಿ. ಅಷ್ಟರಲ್ಲಿ ಮಾವ ಫೋನ್ ಇಸಿದುಕೊಂಡು ಅಲ್ಲಿ ಮಳೆಯಾಯಿತೇ ಎಂದು ಕೇಳುತ್ತಾರೆ, ಸಿರಿ ಇಸಿದುಕೊಂಡು ಬೊಂಬೆ ಕೇಳುತ್ತಾಳೆ, ನನ್ನ ಕೈಗೆ ಬರುವ ಹೊತ್ತಿಗೆ ನಿಮಗೆ ನಿದ್ದೆ ಬಂದಿರುತ್ತದೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲ. ದಯವಿಟ್ಟು ಪೂರ್ತಿ ಓದಿ. ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೀತಿ ಇಲ್ಲವೆಂದಲ್ಲ, ಆದರೆ ಈ ಕಾಗದದಲ್ಲಿ ಅದು ಕಡಿಮೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಜುಲೈನಲ್ಲಿ ಕ್ಯಾಮರಾ ಕಳಿಸಿದಿರಲ್ಲ, ಆವತ್ತು ನನಗೆಷ್ಟು ಖುಷಿಯಾಯಿತೆಂದು ನಿಮಗೆ ಹೇಳಿಯೇ ಇಲ್ಲ. ಮದುವೆಯಾಗಿ ಎಂಟು ವರ್ಷದಲ್ಲಿ ಸೀರೆ ಕೊಡಿಸಿದ್ದೀರಿ, ಓಲೆ ಕೊಡಿಸಿದ್ದೀರಿ. ನನಗೆ ಕೆಲಸ ಮಾಡಲು ಬೇಕಾದ ವಸ್ತು ಅಂತ ಕೊಟ್ಟದ್ದು ಇದೊಂದೇ. ಸಿರಿ ಹುಟ್ಟಿದಾಗ ಟೀಚರ್ ಕೆಲಸ ಬಿಟ್ಟವಳು ಮತ್ತೆ ಕೆಲಸಕ್ಕೆಂದು ಹೊಸಿಲು ದಾಟಿರಲಿಲ್ಲ. ಫೋನಿನಲ್ಲಿ ಅವರಿವರ ಮನೆಯ ಶಾಸ್ತ್ರದ ಫೋಟೋ ತೆಗೆಯುತ್ತಿದ್ದೆ, ಹೆಂಗಸರೆಲ್ಲ "ನೀನೇ ತೆಗಿಯವ್ವ, ನಿನ್ ಮುಂದೆ ನಾಚ್ಕೆ ಆಗಕಿಲ್ಲ" ಅನ್ನುತ್ತಿದ್ದರು. ಆ ಮಾತು ಹಿಡಿದುಕೊಂಡೇ ಇದನ್ನೊಂದು ಕೆಲಸವಾಗಿ ಮಾಡಬೇಕೆಂದು ನಿಮಗೆ ಹೇಳಿದ್ದು. ನೀವು ಒಪ್ಪಿದಿರಿ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಗಸ್ಟಿನಲ್ಲಿ ನಿಮ್ಮ ತಂಗಿಯ ಸೀಮಂತ. ಕ್ಯಾಮರಾ ಜೊತೆ ಬಂದ ಆ ಒಂದೇ ಲೆನ್ಸ್ ಹಾಕಿಕೊಂಡು ನಾನು ಸಿದ್ಧವಾಗಿ ನಿಂತೆ. ಹೊರಗೆ ಮೋಡ, ನಡುಮನೆಯಲ್ಲಿ ಒಂದು ಟ್ಯೂಬ್‌ಲೈಟು, ಕಾಲಿಡಲು ಜಾಗವಿಲ್ಲದಷ್ಟು ಹೆಂಗಸರು. ಅತ್ತೆ ಮೊದಲನೇ ಹಸಿರು ಬಳೆ ತೊಡಿಸಿದ್ದು, ನಿಮ್ಮ ತಂಗಿ ತಲೆಯೆತ್ತಿ ಅವರ ಮುಖ ನೋಡಿ ಕಣ್ಣು ತುಂಬಿಕೊಂಡದ್ದು, ಎಲ್ಲ ನನ್ನ ಎದುರಿಗೇ ನಡೆಯಿತು. ಒತ್ತಬೇಕಾದ ಹೊತ್ತಿಗೇ ಒತ್ತಿದೆ. ಕಂಪ್ಯೂಟರಿಗೆ ಹಾಕಿ ನೋಡಿದರೆ ಅಷ್ಟೂ ಮಸುಕು. ಕ್ಯಾಮರಾದ ನೆತ್ತಿಯ ಮೇಲೆ ಏಳುವ ಆ ಪುಟ್ಟ ಫ್ಲ್ಯಾಶ್ ಹಾಕಿ ತೆಗೆದವುಗಳಲ್ಲಿ ಮುಖಕ್ಕೆಲ್ಲ ಸುಣ್ಣ ಬಳಿದ ಹಾಗಿದೆ, ಗಾಜಿನ ಬಳೆಗಳ ಮೇಲೆ ಬಿಳಿ ಚುಕ್ಕೆ, ಹಿಂದೆ ಕೂತವರು ಕತ್ತಲಲ್ಲಿ ಮುಳುಗಿದ್ದಾರೆ. ನಿಮ್ಮ ತಂಗಿ ಒಳ್ಳೆಯವಳು, ಏನೂ ಅನ್ನಲಿಲ್ಲ. ಗಂಡನ ಫೋನಿನಲ್ಲಿ ತೆಗೆದದ್ದನ್ನೇ ಸ್ಟೇಟಸ್ಸಿಗೆ ಹಾಕಿಕೊಂಡಳು. ಅತ್ತೆ "ಪೋನಲ್ಲೇ ಚೆಂದಾಗ್ ಬಂದೈತೆ ಕಣವ್ವ, ಅಷ್ಟ್ ದೊಡ್ ಮಿಸಿನ್ನು ಯಾಕ್ ಬೇಕಿತ್ತು?" ಎಂದರು. ಲೆನ್ಸ್ ಸರಿಯಿಲ್ಲವೇನೋ ಎಂದು ನಾನು ಬಾಯಿಬಿಟ್ಟದ್ದೇ ತಪ್ಪಾಯಿತು, ಮಾವ "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ನೆಂಟರೆದುರಿಗೇ ನಕ್ಕರು. ಅವರದು ತಮಾಷೆಯೇ ಇರಬಹುದು. ನಾನು ಹಿತ್ತಿಲಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದೆ.

ಅದನ್ನು ನಿಮಗೆ ಹೇಳಿದರೆ ನೀವು ಕಳಿಸಿದ್ದೇನು? ಹದಿನಾಲ್ಕು ವಿಡಿಯೋ. ಅದರಲ್ಲಿ ಒಬ್ಬನಾದರೂ ಕನ್ನಡದವನಿಲ್ಲ, ಒಬ್ಬನೂ ನಮ್ಮಂಥ ನಡುಮನೆಯಲ್ಲಿ ನಿಂತು ಫೋಟೋ ತೆಗೆದವನಲ್ಲ. ಆಮೇಲೆ ಆನ್‌ಲೈನಿನಲ್ಲಿ ಸಾಮಾನಿನ ಮೇಲೆ ಸಾಮಾನು. ಬ್ಯಾಗು ಬಂತು, ಒಳಗೆ ಹನ್ನೊಂದು ಅರೆ, ಇಡುವುದಕ್ಕೆ ನನ್ನ ಹತ್ತಿರ ಇರುವುದು ಎರಡೇ ವಸ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಬಣ್ಣಬಣ್ಣದ ಗಾಜಿನ ಫಿಲ್ಟರುಗಳ ಡಬ್ಬಿ ಬಂತು, ಸಿರಿ ಅದರಲ್ಲಿ ಕೋಳಿಗಳನ್ನು ಕೆಂಪಗೆ ನೋಡಿಕೊಂಡು ನಗುತ್ತಿರುತ್ತಾಳೆ. ಟ್ರೈಪಾಡ್ ಬಂತು. ಹೆಂಗಸರು ಎದ್ದು ಕೂತು ಓಡಾಡುವ ಕಡೆ ಮೂರು ಕಾಲು ಹರಡಿಕೊಂಡು ನಿಲ್ಲಿಸಿದರೆ ಯಾರಾದರೂ ಎಡವಿ ಬೀಳುತ್ತಾರೆ. ಈಗ ಮಾವ ಅದನ್ನು ಹುಳು ಮನೆಗೆ ಒಯ್ದು ಬಲ್ಬ್ ನೇತುಹಾಕಿದ್ದಾರೆ. ಬಂದ ಸಾಮಾನಿನಲ್ಲೆಲ್ಲ ಉಪಯೋಗಕ್ಕೆ ಬಿದ್ದದ್ದು ಅದೊಂದೇ, ಅದೂ ಹುಳುವಿಗೆ.

ನನ್ನ ಜೊತೆ ಚನ್ನಪಟ್ಟಣದಲ್ಲಿ ಪಿಯುಸಿ ಓದಿದ ಸಾಬಿರಾ ನಿಮಗೆ ಗೊತ್ತಲ್ಲ, ನಮ್ಮ ಮದುವೆಗೆ ಮರದ ಬುಗುರಿ ಸೆಟ್ ಉಡುಗೊರೆ ತಂದವಳು. ಸೆಪ್ಟೆಂಬರಿನಲ್ಲಿ ಅವಳ ಮನೆಗೆ ಹೋಗಿದ್ದೆ. ಅವಳ ತಂಗಿಗೆ ಮದುವೆ ಗೊತ್ತಾಗಿದೆ. ಮದುವೆಯ ಹಿಂದಿನ ದಿನ ಹೆಂಗಸರದೇ ಮೆಹಂದಿ, ಒಳಗೆ ಗಂಡಸರು ಬರುವ ಹಾಗಿಲ್ಲ. ಸಾಬಿರಾ ತನ್ನ ಮದುವೆಯ ಆಲ್ಬಮ್ ತೆಗೆದು ಮುಂದೆ ಇಟ್ಟಳು. ಇನ್ನೂರು ಫೋಟೋದಲ್ಲಿ ಅವಳ ಅಮ್ಮಿ ಇರುವುದು ಎರಡರಲ್ಲಿ, ಎರಡರಲ್ಲೂ ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗಿದ್ದಾರೆ. "ಫೋಟೋದವನು ಬಂದ ಅಂದ್ರೆ ಎಲ್ರೂ ಹೀಗೇ ಕಣೆ. ನಮ್ಮಮ್ಮಿ ಆವತ್ತು ಎಷ್ಟು ಹಾಡಿದ್ರು, ಎಷ್ಟು ನಕ್ಕಿದ್ರು, ಒಂದೂ ಇಲ್ಲ ನೋಡು. ಈ ಸಲ ನೀನು ತೆಗಿ" ಎಂದಳು. ಈ ತಿಂಗಳ ಇಪ್ಪತ್ತನಾಲ್ಕನೇ ತಾರೀಕು ಭಾನುವಾರ, ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ. ನೆಂಟಸ್ತಿಕೆಯ ದಾಕ್ಷಿಣ್ಯವಿಲ್ಲದೆ ಯಾರೋ ನನ್ನನ್ನು ಕೆಲಸಕ್ಕೆಂದು ಕರೆದದ್ದು ಇದೇ ಮೊದಲು. ಇದು ಕೆಟ್ಟರೆ ಎರಡನೆಯದು ಬರುವುದಿಲ್ಲ, ಬಂದರೂ ನಾನು ಒಪ್ಪುವುದಿಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ಹೆದರಿಕೆಯಾಗಿ ಸೀಮಂತದ ಫೋಟೋಗಳನ್ನು ಅವಳಿಗೆ ತೋರಿಸಿಬಿಟ್ಟೆ. ಅವಳು ನನ್ನನ್ನು ಅವಳ ಚಿಕ್ಕಪ್ಪ ಮುನಾವರ್ ಅವರ ಸ್ಟುಡಿಯೋಗೆ ಕರೆದುಕೊಂಡು ಹೋದಳು. ರೀಲಿನ ಕಾಲದವರು, ಈಗ ಪಾಸ್‌ಪೋರ್ಟ್ ಸೈಜ್ ಬಿಟ್ಟರೆ ಬೇರೆ ಕೆಲಸವಿಲ್ಲ. ಕನ್ನಡಕ ಒರೆಸಿಕೊಂಡು ಒಂದೊಂದನ್ನೂ ನೋಡಿದರು. ಆಮೇಲೆ "ನಿನ್ನ ಕೈ ಕೆಟ್ಟದ್ದಲ್ಲಮ್ಮ. ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದೀಯ, ಯಾವಾಗ ಒತ್ತಬೇಕೋ ಆವಾಗ್ಲೇ ಒತ್ತಿದೀಯ. ಮನೇಲಿ ಬೆಳಕಿಲ್ಲ, ಈ ಲೆನ್ಸಿಗೆ ಬೆಳಕು ಬರೋ ಬಾಗಿಲು ಸಣ್ಣದು, ಅಷ್ಟೇ" ಎಂದರು. ಅಷ್ಟು ದಿನದಲ್ಲಿ ನನ್ನ ಕೈ ಸರಿಯಿದೆ ಎಂದವರು ಅವರೊಬ್ಬರೇ. ಬೀರುವಿನಿಂದ ತಮ್ಮ ಹಳೆಯ ಲೆನ್ಸ್ ಒಂದನ್ನು ತೆಗೆದು ನನ್ನ ಕ್ಯಾಮರಾಗೆ ಕೂರಿಸಿದರು. ಐವತ್ತರದು, ಅಂದರೆ ಐವತ್ತು ಮಿಲಿಮೀಟರಿನದು. ಅದು ಜೂಮ್ ಆಗುವುದಿಲ್ಲ, ಹತ್ತಿರ ಬೇಕಾದರೆ ನಾವೇ ಹತ್ತಿರ ಹೋಗಬೇಕು, ಆದರೆ ಬಾಗಿಲು ದೊಡ್ಡದು, ಸಣ್ಣ ಬೆಳಕಿನಲ್ಲೂ ಮುಖ ಮುಖದ ಹಾಗೆ ಬರುತ್ತದೆ. ಜೊತೆಗೆ ತಲೆ ತಿರುಗಿಸಬಹುದಾದ ಫ್ಲ್ಯಾಶ್ ಒಂದು ಬೇಕು, "ಬೆಳಕು ಸೂರಿಗೆ ಹೊಡಿ, ಮುಖಕ್ಕೆ ಹೊಡಿಬೇಡ" ಎಂದರು. ಅವರ ಲೆನ್ಸ್ ಹಳೆಯದಾದ್ದರಿಂದ ನನ್ನ ಕ್ಯಾಮರಾದಲ್ಲಿ ತಾನಾಗಿ ಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಕುಣಿದಾಡುವ ಹುಡುಗಿಯರ ಮಧ್ಯೆ ಅದು ಆಗುವ ಮಾತಲ್ಲ, ಹೊಸದನ್ನೇ ತರಿಸು ಎಂದರು. ಅಲ್ಲಿಯವರೆಗೆ ಕೈ ಪಳಗಲಿ ಎಂದು ಹಳೆಯದನ್ನು ಕೊಟ್ಟು ಕಳಿಸಿದರು. ಮನೆಗೆ ಬಂದು, ಒಲೆ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದ ಅತ್ತೆಯನ್ನು ಅವರಿಗೆ ತಿಳಿಯದ ಹಾಗೆ ತೆಗೆದೆ. ತೋರಿಸಿದರೆ ಸೆರಗಿಗೆ ಕೈ ಒರೆಸಿಕೊಂಡು ಕ್ಯಾಮರಾ ಇಸಿದುಕೊಂಡರು. ಆಮೇಲೆ "ನಮ್ಮವ್ವನ ಹಂಗೇ ಅವ್ನಿ ಕಣೆ ನಾನು" ಎಂದು ಇನ್ನೊಂದು ಸಲ ಕೇಳಿ ನೋಡಿದರು.

ಇಷ್ಟೆಲ್ಲ ಆದ ಮೇಲೆಯೇ ನಿಮಗೆ ಫೋನ್ ಮಾಡಿದ್ದು. ಎರಡೇ ಎರಡು ವಸ್ತು ಹೇಳಿದೆ, ಐವತ್ತರ ಲೆನ್ಸ್ ಮತ್ತು ಫ್ಲ್ಯಾಶ್. ಬರೆದೂ ಕಳಿಸಿದೆ. ನೀವು "ಐವತ್ತಾ? ಜೂಮೇ ಇಲ್ದಿದ್ದ ಲೆನ್ಸ್ ಯಾರೇ ತಕತಾರೆ? ನಿಂಗ್ ಗೊತ್ತಾಗಕಿಲ್ಲ, ಸುಮ್ಕಿರು, ಒಳ್ಳೇದ್ ಕಳಿಸ್ತೀನಿ" ಎಂದಿರಿ. ಅನಂತರಾಜು ಅಕ್ಟೋಬರಿನಲ್ಲಿ ನಿಮ್ಮ ಪಾರ್ಸೆಲ್ ಹಿಡಿದು ಬಂದಾಗ ನಾನು ಕಾಫಿ ಇಡುವುದನ್ನೂ ಮರೆತು ಬಿಚ್ಚಿದೆ. ಕೇಳಿದ್ದು ಐವತ್ತು, ಬಂದದ್ದು ಮುನ್ನೂರು. ಮೊಣಕೈ ಉದ್ದದ ಲೆನ್ಸ್. ಫ್ಲ್ಯಾಶ್ ಇಲ್ಲವೇ ಇಲ್ಲ. ಅನಂತರಾಜು ಎದುರಿಗೆ ನಗುವ ಮುಖ ಇಟ್ಟುಕೊಂಡೆ, "ಸೂಪರಾಗೈತಲ್ಲ ಅತ್ಗೆ" ಎಂದು ಅವರು ಬೇರೆ. ಅವರು ಹೋದ ಮೇಲೆ ನಡುಮನೆಯಲ್ಲಿ ನಿಂತು ಅತ್ತೆಯ ಕಡೆ ತಿರುಗಿಸಿದರೆ ಮೂಗುಬೊಟ್ಟು ಬಿಟ್ಟು ಏನೂ ಕಾಣದು. ಹಿಂದೆ ಹಿಂದೆ ಹೋಗಿ ಜಗುಲಿ ಇಳಿದೆ, ಬೀದಿ ದಾಟಿದೆ, ಎದುರು ಮನೆ ಕೊಟ್ಟಿಗೆಗೆ ಬೆನ್ನು ತಾಗಿದ ಮೇಲೆ ಅತ್ತೆ ಪೂರ್ತಿ ಬಂದರು. ಆ ಲೆಕ್ಕದಲ್ಲಿ ಮದುಮಗಳ ಕೈಯ ಮೆಹಂದಿ ತೆಗೆಯಬೇಕಾದರೆ ನಾನು ಚನ್ನಪಟ್ಟಣ ಬಿಟ್ಟು ಮದ್ದೂರಿನಲ್ಲಿ ನಿಲ್ಲಬೇಕು. ಬೆಳಕಂತೂ ಮೊದಲಿನ ಲೆನ್ಸಿಗಿಂತಲೂ ಕಡಿಮೆ.

ಅದನ್ನು ಯಾಕೆ ಕಳಿಸಿದಿರೆಂದು ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ರಾಮದೇವರ ಬೆಟ್ಟದಲ್ಲಿ ಯಾರೋ ಒಬ್ಬರು ಇಂಥದ್ದೇ ಉದ್ದನೆಯ ಲೆನ್ಸಿನಲ್ಲಿ ರಣಹದ್ದಿನ ಫೋಟೋ ತೆಗೆದು ನಿಮಗೆ ತೋರಿಸಿದ್ದರು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಿರಿ. ರಣಹದ್ದು ನಿಮ್ಮ ಆಸೆ. ಆಸೆ ತಪ್ಪಲ್ಲ, ನಿಮಗೆಂದು ತೆಗೆದುಕೊಳ್ಳಿ, ನಾನೇ ಬುತ್ತಿ ಕಟ್ಟಿಕೊಂಡು ಜೊತೆಗೆ ಬೆಟ್ಟ ಹತ್ತುತ್ತೇನೆ. ಆದರೆ ನನ್ನ ಹೆಸರಿನಲ್ಲಿ ತೆಗೆದುಕೊಂಡು ನನಗೇ ಗೊತ್ತಾಗುವುದಿಲ್ಲ ಅನ್ನಬೇಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಗಿದೆ ನಮ್ಮಿಬ್ಬರದು. ನಮ್ಮಿಬ್ಬರಲ್ಲಿ ಯಾರು ಎತ್ತು ಯಾರು ಕೋಣ ಎಂದು ನೀವೇ ತೀರ್ಮಾನ ಮಾಡಿಕೊಳ್ಳಿ.

ಈಗ ಹೇಳುವುದನ್ನು ಕೇಳಿ ಕೂಗಾಡಬೇಡಿ. ಆ ಲೆನ್ಸ್ ಈಗ ಮನೆಯಲ್ಲಿಲ್ಲ. ಮುನಾವರ್ ಅವರಿಗೆ ಕನಕಪುರದಲ್ಲಿ ಒಬ್ಬ ಸ್ನೇಹಿತರಿದ್ದಾರೆ, ಕೆಂಚಯ್ಯ ಮೇಷ್ಟ್ರು ಎಂದು, ರಿಟೈರಾದ ಮೇಲೆ ಅರ್ಕಾವತಿ ದಂಡೆಯಲ್ಲಿ ಹಕ್ಕಿ ಫೋಟೋ ತೆಗೆದುಕೊಂಡಿದ್ದಾರೆ. ಹೋದ ವಾರ ಬಸ್ಸಿನಲ್ಲಿ ಒಬ್ಬಳೇ ಕನಕಪುರಕ್ಕೆ ಹೋಗಿ ನಿಮ್ಮ ಮುನ್ನೂರನ್ನು ಅವರಿಗೆ ಕೊಟ್ಟು, ಅವರ ಹತ್ತಿರ ಸುಮ್ಮನೆ ಬಿದ್ದಿದ್ದ ಐವತ್ತನ್ನೂ ಫ್ಲ್ಯಾಶನ್ನೂ ತಂದೆ. ಎರಡೂ ನನ್ನ ಕ್ಯಾಮರಾಗೆ ಸರಿಯಾಗಿ ಕೂರುತ್ತವೆ, ಫೋಕಸ್ಸೂ ತಾನಾಗಿ ಆಗುತ್ತದೆ, ಅಲ್ಲೇ ಹಾಕಿ ನೋಡಿಕೊಂಡೇ ತಂದದ್ದು. ನಿಮ್ಮನ್ನು ಕೇಳದೆ ಮಾಡಿದೆ. ನೀವೂ ನನ್ನನ್ನು ಕೇಳದೆ ಕಳಿಸಿದ್ದಿರಿ. ಬೈಯುವುದಿದ್ದರೆ ಊರಿಗೆ ಬಂದ ಮೇಲೆ ಎದುರಿಗೆ ಬೈಯಿರಿ, ಆದರೆ ಮೊದಲು ಫೋಟೋ ನೋಡಿ.

ಚಳಿಯಲ್ಲಿ ತಲೆಗೆ ಟೋಪಿ ಹಾಕಿಕೊಳ್ಳಿ. ಮಾವ ಅತ್ತೆ ಇಬ್ಬರೂ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಸಿರಿಯ ಮುತ್ತು ಇದೇ ಹಾಳೆಯ ಮೂಲೆಯಲ್ಲಿದೆ, ಅಂಟಂಟಾಗಿದ್ದರೆ ಅದು ಬೆಲ್ಲ. ಕೈಕಾಲು ಜೋಪಾನವಾಗಿಟ್ಟುಕೊಂಡು ಬನ್ನಿ.

ಇಂತಿ ನಿಮ್ಮ,
ಪ್ರತಿಮಾ

ತಾ.ಕ.: ಪೋಸ್ಟ್ ಆಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಳ್ಳಿ. ನೆನ್ನೆ ಟಿಕೆಟ್ ಆಯಿತೆಂದು ಹೇಳಿದಿರಿ, ಇಪ್ಪತ್ತನಾಲ್ಕರ ಭಾನುವಾರ ಮಧ್ಯಾಹ್ನ ವಿಮಾನ ಇಳಿಯುತ್ತದೆಂದು. ಮಾವ ಆಗಲೇ ಟೆಂಪೋ ಟ್ರಾವೆಲರ್ ಮಾತಾಡಿದ್ದಾರೆ, ಹಾರಕ್ಕೂ ಹೇಳಿದ್ದಾರೆ. "ಕ್ಯಾಮ್ರ ತಕ್ಕಂಡ್ ಬಾ, ನಾನ್ ಆಚೆ ಬರೋದ್ನ ದೂರದಿಂದ ತೆಗಿ" ಎಂದಿರಿ. ನಾನು ಹೂಂ ಎಂದೆ. ಅದು ಸುಳ್ಳು. ಆವತ್ತೇ ಸಾಬಿರಾ ಮನೆಯ ಮೆಹಂದಿ, ನಾನು ಏರ್‌ಪೋರ್ಟಿಗೆ ಬರುವುದಿಲ್ಲ. ಆರು ತಿಂಗಳ ಮೇಲೆ ನಿಮ್ಮನ್ನು ಎಲ್ಲರಿಗಿಂತ ಮೊದಲು ನೋಡಬೇಕಾದವಳು ನಾನು, ಅದು ತಪ್ಪುತ್ತದಲ್ಲ ಎಂದು ಹೊಟ್ಟೆ ಉರಿಯುತ್ತಿದೆ. ಆದರೂ ಬರುವುದಿಲ್ಲ. ಅತ್ತೆ ಮಾವನಿಗೆ ಇನ್ನೂ ಹೇಳಿಲ್ಲ, ನೀವೇ ಹೇಳಿ. ನೀವೇ ಒಪ್ಪಿ ಕಳಿಸಿದ್ದೀರೆಂದು ಹೇಳಿ. ಬಸ್ಸಾರು ಮಾಡಿಟ್ಟು ಹೋಗಿರುತ್ತೇನೆ, ಉಂಡು ಸ್ವಲ್ಪ ಮಲಗಿ ಎದ್ದು ಎಂಟು ಗಂಟೆಗೆ ಬೈಕಿನಲ್ಲಿ ಚನ್ನಪಟ್ಟಣಕ್ಕೆ ಬನ್ನಿ. ಒಳಗೆ ಗಂಡಸರನ್ನು ಬಿಡುವುದಿಲ್ಲ. ನನ್ನ ಕೆಲಸ ಮುಗಿಯುವವರೆಗೆ ಗೇಟಿನ ಹೊರಗೆ ಕಾಯಿರಿ.