ಆಡ್‌ವರ್ಬ್ ಕ್ಲಾಸಿನ ಚಹಾ

೩ ಸೆಪ್ಟೆಂಬರ್ ೧೯೫೬, ಸಂಜೆ ೫

ಇವತ್ತೂ ಅದೇ. ಮುಂಬಯಿಯ ಬೈಕುಲ್ಲಾದ ಅದೇ ಮೀನೂಟದ ಹೋಟೆಲು, ಅದೇ ಮಾಳಿಗೆ, ಅದೇ ಹದಿನಾಲ್ಕು ಮಂದಿ ಕೆಲಸದಾಳುಗಳು. ಊಟದ ಗಿರಾಕಿ ಹೋಗಿ ಸಂಜೆಯ ಗಿರಾಕಿ ಬರುವ ತನಕ ಇವರಿಗೆ ಒಂದು ಗಂಟೆ ಬಿಡುವು. ಆ ಗಂಟೆಯಲ್ಲಿ ಇಂಗ್ಲಿಷ್ ಕಲಿಸಲು ಇವರ ಜಾತಿಯ ಸಂಘದವರು ನನ್ನನ್ನು ಇಟ್ಟಿದ್ದಾರೆ. ಧಾರವಾಡದಲ್ಲಿ ಬಿ.ಎ. ಮಾಡಿದ್ದು ಇದಕ್ಕೆ!

ಆಡ್‌ವರ್ಬ್ ಶುರು ಮಾಡಿದೆ. ಹೇಗೆ, ಯಾವಾಗ, ಎಲ್ಲಿ, ಎಷ್ಟು ಸಲ, ಎಷ್ಟರ ಮಟ್ಟಿಗೆ — ಐದು ಪ್ರಶ್ನೆ, ಐದು ಬಗೆ. ಕೋಣನ ಮುಂದೆ ಕಿನ್ನರಿ.

ಸಪ್ಲೈಯರ್ ಕೊರಗಪ್ಪ ಕ್ಲಾಸಿಗೆ ಮೊದಲೇ ಚಹಾ ತಂದಿಟ್ಟು ಹೋಗುತ್ತಾನೆ. “ಬಿಸಿ ಬಿಸಿ ಕುಡೀರಿ ಮಾಸ್ಟ್ರೇ.” ಅವನು ಮೆಟ್ಟಿಲು ಇಳಿದದ್ದೇ ತಡ, ಚಹಾ ಹಿಂದಿನ ಕಿಟಕಿಯಿಂದ ಹೊರಗೆ. ಮೂರು ತಿಂಗಳಿಂದ ಹೀಗೇ. ಮೀನು ಹುರಿಯುವ ಒಲೆ, ಅವರ ಕೈ... ನಮ್ಮ ಮನೆತನದಲ್ಲಿ ನಡೆಯುವುದಿಲ್ಲ. ಬಾಯಿಬಿಟ್ಟು ಬೇಡ ಎಂದರೆ ಇದ್ದ ಕೆಲಸವೂ ಹೋದೀತು.

೬ ಸೆಪ್ಟೆಂಬರ್

ಐತ ಮತ್ತೆ ಲೇಟ್. ಪಾತ್ರೆ ತೊಳೆಯುವವನು. ವಯಸ್ಸು ನಲವತ್ತರ ಮೇಲೆ. ಒದ್ದೆ ಅಂಗಿಯಲ್ಲೇ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಾನೆ. ಬೆನ್ನ ಮೇಲೆಲ್ಲ ಕಂದು ಕಲೆ. ಅಸಹ್ಯ.

“ಪಾತ್ರೆ ಮುಗೀದೆ ಬರ್ಲಿಕ್ಕೆ ಆಗುದಿಲ್ಲ ಮಾಸ್ಟ್ರೇ. ಮತ್ತೆ—”

“ನೆವ ಹೇಳಬ್ಯಾಡ, ಕೂಡು!”

ಬೋರ್ಡಿನ ಮೇಲೆ ಬರೆದೆ: ಐತ ಆಲ್ವೇಸ್ ಕಮ್ಸ್ ಲೇಟ್. ಎಷ್ಟು ಸಲ? ಆಲ್ವೇಸ್. ಯಾವಾಗ? ಲೇಟ್. ಎಲ್ಲರಿಂದ ಹತ್ತು ಸಲ ಹೇಳಿಸಿದೆ. ಅವನಿಂದಲೂ. ತಲೆ ತಗ್ಗಿಸಿ ಹೇಳಿದ. ಖುಷಿಯಾಯಿತು, ಸುಳ್ಳೇಕೆ.

“ಇದರಂಗ ನೀವೂ ಬರಕೊಂಡು ಬರ್ರಿ. ಹುಸಿ ಬ್ಯಾಡ. ದಿನಾ ಕಣ್ಣಾರೆ ಕಂಡದ್ದನ್ನ ಬರೀರಿ” ಎಂದೆ.

೧೫ ಸೆಪ್ಟೆಂಬರ್

ಸಂಘದ ಅಧ್ಯಕ್ಷ ಶೇಖರಣ್ಣನವರ ಚೀಟಿ. ೨೩ಕ್ಕೆ ಪಾಠ ನೋಡಲು ಬರುತ್ತಾರಂತೆ. ಅಂಧೇರಿಯಲ್ಲಿ ಸಂಘದ ಹೈಸ್ಕೂಲು ಶುರುವಾಗುತ್ತದೆ. ಪಾಠ ಒಪ್ಪಿಗೆಯಾದರೆ ಅಲ್ಲಿ ಪರ್ಮನೆಂಟ್ ಕೆಲಸ, ಜೊತೆಗೆ ಸಂಸಾರ ಹೂಡಲು ಒಂದು ಖೋಲಿ.

ಖೋಲಿ! ಈ ಚಾಳಿನ ಖೋಲಿಯಲ್ಲಿ ನಾನು ಐದನೆಯವನು. ಹೆಂಡತಿ ರಾಚವ್ವ ಎರಡು ವರ್ಷದಿಂದ ತವರಿನಲ್ಲಿದ್ದಾಳೆ. ಈಗೀಗ ಪತ್ರವೂ ಬರೆಯುತ್ತಿಲ್ಲ. ಈ ಕೆಲಸ ಸಿಗಲೇಬೇಕು. ಇನ್ನೊಂದು ವರ್ಷ ಈ ಮೀನಿನ ಹೊಗೆ ತಡೆಯಲಾರೆ.

೨೩ ಸೆಪ್ಟೆಂಬರ್, ಭಾನುವಾರ

ಹಾಳಾದವನು! ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದು, ಇವತ್ತೇ...

ಶೇಖರಣ್ಣ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬಾಂದ್ರಾದಲ್ಲಿ ಎರಡು ಹೋಟೆಲಿನ ಧನಿ, ಇವರದೇ ಜಾತಿ. ಚಹಾ ಬಂತು. “ಪಾಠ ಆದ ಮ್ಯಾಲೆ ಕುಡೀತೀನ್ರಿ” ಎಂದು ಮೇಜಿನ ಮೇಲೆ ಬಿಟ್ಟೆ. ಪಾಠ ಸರಾಗ ನಡೆಯಿತು. ಕೋಣಗಳು ಕೂಡ ತಲೆದೂಗಿದವು. ಹುರುಪಿನಲ್ಲಿ ಕೇಳಿದೆ: “ಮೂರು ಬಗಿ ಆಡ್‌ವರ್ಬು ಒಂದ ವಾಕ್ಯದಾಗ ಯಾರು ತರ್ತೀರಿ?”

ಐತ ಎದ್ದು ನಿಂತ. ಒಂದೊಂದೇ ಶಬ್ದ, ತಡೆತಡೆದು:

“ಅವರ್ ಮಾಸ್ಟರ್ ಆಲ್ವೇಸ್... ಕ್ವಯಟ್ಲಿ... ಥ್ರೋಸ್ ಟೀ... ಔಟ್‌ಸೈಡ್.”

“ಹಾಗಂದ್ರೆ ಎಂತದು ಐತ?” ಶೇಖರಣ್ಣ ಕೇಳಿದರು.

“ಮಾಸ್ಟ್ರು ಯಾವಾಗ್ಲೂ ಸದ್ದಿಲ್ಲದೆ ಚಾ ಹೊರಗೆ ಚೆಲ್ತಾರೆ ಶೇಖರಣ್ಣ. ಕಿಟಕಿಯ ಅಡಿಯಲ್ಲಿ ನಾನು ಪಾತ್ರೆ ತೊಳೀತಾ ಇರ್ತೇನೆ. ಬೆನ್ನಿಗೆ ಬೀಳ್ತದೆ. ಮತ್ತೆ ಅಂಗಿ ತೊಳೆದು ಬರುವಾಗ ಲೇಟಾಗ್ತದೆ.”

ದೂರು ಹೇಳುವ ದನಿಯಲ್ಲ. ಪಾಠ ಒಪ್ಪಿಸುವ ದನಿ. ಕಂಡದ್ದನ್ನೇ ಬರೆ ಎಂದವನು ನಾನೇ. ಮೂರು ತಿಂಗಳಲ್ಲಿ ಒಮ್ಮೆಯೂ ಕೆಳಗೆ ಬಗ್ಗಿ ನೋಡಿರಲಿಲ್ಲ.

“ವಾಕ್ಯ ಸರಿ ಉಂಟಾ ಮಾಸ್ಟ್ರೇ?” ಶೇಖರಣ್ಣ ನನ್ನನ್ನು ಕೇಳಿದರು.

ಎಲ್ಲರೂ ಮೇಜಿನ ಮೇಲಿನ ಚಹಾ ನೋಡುತ್ತಿದ್ದರು.

“ಬರೋಬರಿ ರೀ” ಎಂದೆ.

ಅವರು ಎದ್ದರು. “ಅಂಧೇರಿ ಕೆಲಸದ್ದು ನಾನು ಹೇಳುದಿಲ್ಲ. ತಿಂಗಳ ಕೊನೆಗೆ ಇವರ ಹತ್ರವೇ ಕೇಳ್ತೇನೆ. ಮಾಸ್ಟ್ರು ಬೇಕಾ ಬೇಡ್ವಾ ಅಂತ ಇವ್ರೇ ಹೇಳ್ಲಿ.”

ಪಾತ್ರೆ ತೊಳೆಯುವವನ ಕೈಯಲ್ಲಿ ನನ್ನ ಸಂಸಾರ!

೨೬ ಸೆಪ್ಟೆಂಬರ್, ಮಧ್ಯಾಹ್ನ ೩.೨೦, ಕ್ಲಾಸಿನಲ್ಲೇ

ವಾಕ್ಯ ಬರೆಯಲು ಕೊಟ್ಟು ಕೂತಿದ್ದೇನೆ. ಐತ ಟೈಮಿಗೆ ಬಂದ. ಅಂಗಿ ಒಣಗಿದೆ.

ಮೂರು ದಿನವಾಯಿತು, ನನಗೆ ಚಹಾ ಇಲ್ಲ. ಇವತ್ತು ಕೊರಗಪ್ಪ ತಟ್ಟೆಯಲ್ಲಿ ಲೋಟ ತಂದು ಎಲ್ಲರಿಗೂ ಕೊಟ್ಟ. ನನ್ನ ಮೇಜಿನ ಪಕ್ಕದಿಂದಲೇ ಹಾದು ಹೋದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪೆನ್ನು ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಸಿಟ್ಟೋ, ನಾಚಿಕೆಯೋ.

ಗಂಟಲು ಒಣಗಿದೆ. ಕೇಳಬೇಕು. ಕೇಳಿದರೆ ಇವರೆಲ್ಲರ ಎದುರು ಕುಡಿಯಬೇಕು. ಅಪ್ಪ ಕೇಳಿದರೆ ಏನು ಹೇಳಲಿ? ರಾಚವ್ವ...

ಕೊರಗಪ್ಪನನ್ನು ಕರೆದೇಬಿಟ್ಟೆ. ಬಂದು ನಿಂತಿದ್ದಾನೆ. ಐತ ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದಾನೆ.

“ಎಂತ ಬೇಕಿತ್ತು ಮಾಸ್ಟ್ರೇ?”

ನಾನಿನ್ನೂ ಬರೆಯುತ್ತಲೇ ಇದ್ದೇನೆ. ಪೆನ್ನು ಕೆಳಗಿಟ್ಟು ಹೇಳಬೇಕು: ನನಗೂ ಒಂದು ಚಹಾ.